ವಾರಂಟಿ ಮುಗದ ಹತ್ತೊಂಬತ್ತನೇ ದಿನ

ನಮ್ಮ ಓಣ್ಯಾಗ ಯಾರ ಮನಿ ಸಾಮಾನು ಕೆಟ್ರೂ ಮೊದಲನೇ ಪ್ರಶ್ನೆ "ವಾರಂಟಿ ಅದ ಏನು?" ಅಂತ. ಎರಡನೇ ಮಾತು "ಮುಗದಿರಬೇಕು ತಗೋ, ಅದಕ್ಕ ಕೆಟ್ಟದ" ಅಂತ. ಮಿಕ್ಸರ್ ಇರಲಿ, ಗೀಜರ್ ಇರಲಿ, ಕಂಪನಿಯವರು ಒಳಗ ಒಂದು ಗಡಿಯಾರ ಇಟ್ಟಿರ್ತಾರ, ತಾರೀಖು ದಾಟಿದ ಕೂಡ್ಲೆ ಅದು ಕೈ ಕೊಡ್ತದ ಅಂತ ಎದುರು ಮನಿ ವೈನಿ ಖಾತ್ರಿಲೆ ಹೇಳ್ತಾರ. ಇದು ನಮ್ಮ ಧಾರವಾಡದ ಮಾತಷ್ಟ ಅಲ್ಲ. ಜಪಾನಿನ ಮಂದಿನೂ ಇದನ್ನ ಅಂತಾರ, ಅಲ್ಲೆ ಇದಕ್ಕ 'ಸೋನಿ ಟೈಮರ್' ಅಂತ ಚ್ಯಾಷ್ಟಿ ಹೆಸರನ್ನೂ ಇಟ್ಟಾರ.

ಸಂಶಯಕ್ಕ ಬುಡ ಇಲ್ಲ ಅಂತಿಲ್ಲ. 1924 ರಾಗ ಸ್ವಿಟ್ಜರ್ಲೆಂಡಿನ ಜಿನೀವಾದೊಳಗ ದೊಡ್ಡ ದೊಡ್ಡ ಬಲ್ಬ್ ಕಂಪನಿಯವರು ಕೂಡಿ 'ಫೀಬಸ್' ಅಂತ ಒಂದು ಕೂಟ ಕಟ್ಟಿದ್ರು. ಬಲ್ಬು 1000 ತಾಸಿನಕಿಂತ ಹೆಚ್ಚು ಉರೀಬಾರದು ಅಂತ ತಮ್ಮತಮ್ಮೊಳಗ ಕರಾರು ಮಾಡ್ಕೊಂಡ್ರು. ಹೆಚ್ಚು ಬಾಳೂ ಬಲ್ಬು ಮಾಡಿದವರಿಗೆ ದಂಡ! ಛಲೋ ಕೆಲಸಕ್ಕ ದಂಡ ಹಾಕಿದ್ದು ನಾ ಮತ್ತೆಲ್ಲೂ ಕೇಳಿಲ್ಲ.

ಆದ್ರ ಲ್ಯಾಪಟಾಪಿನ ಹಾರ್ಡ್ ಡಿಸ್ಕಿನ ಕಥಿ ಬಲ್ಬಿನ ಕಥಿಯಂಥಾದ್ದಲ್ಲ. ನಮ್ಮ ಮನ್ಯಾಗಿನ ಡಿಸ್ಕು ಹೋದ ಮ್ಯಾಲೆ ಮಗಳ ಕಡಿಂದ ಓದಿಸಿಕೊಂಡು, ನಾನೂ ಅಷ್ಟಿಷ್ಟು ಓದಿ ತಿಳ್ಕೊಂಡದ್ದನ್ನ ಬರೀಲಿಕತ್ತೇನಿ. ಒಳಗ ಗಡಿಯಾರ ಗಿಡಿಯಾರ ಏನೂ ಇಲ್ಲ. ವಾರಂಟಿ ಎಷ್ಟು ವರ್ಷ ಅನ್ನೋದು ಕಂಪನಿಯವರ ಖರ್ಚಿನ ಲೆಕ್ಕ. ಡಿಸ್ಕಿನ ಆಯುಷ್ಯಕ್ಕೂ ಅದಕ್ಕೂ ನಂಟು ಭಾಳ ಸಡ್ಲ.

ಜಗತ್ತಿನ ಮೊದಲನೇ ಹಾರ್ಡ್ ಡಿಸ್ಕು ಐಬಿಎಂ ಕಂಪನಿದು. 1956 ರ ಸೆಪ್ಟೆಂಬರದಾಗ ಹೊರಗ ಬಂದ ರಾಮ್ಯಾಕ್ ಅನ್ನೋ ಯಂತ್ರದಾಗ ಅದು ಇತ್ತು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಊರಾಗ ರೆನಾಲ್ಡ್ ಜಾನ್ಸನ್ ಅನ್ನೋರ ಮುಂದಾಳತ್ವದಾಗ ಅದನ್ನ ಮಾಡಿದ್ರು. ಅವರು ಮೊದಲು ಸಾಲಿ ಮಾಸ್ತರರು. ಎರಡು ಫೂಟು ಅಗಲದ 50 ತಾಟು, ಮದವಿ ಮನ್ಯಾಗ ಪರಾತ ಒಟ್ಟಿದಂಗ, ನಡುವ ಸಂದಿ ಬಿಟ್ಟು ಒಂದು ಕಂಬಕ್ಕ ಪೋಣಿಸಿದ್ದು. ನಿಮಿಷಕ್ಕ 1200 ಸುತ್ತು. ತೂಕ ಒಂದು ಟನ್ನಿನಕಿಂತ ಹೆಚ್ಚು. ಇಷ್ಟಾದ್ರೂ ಒಳಗ ಹಿಡೀತಿದ್ದದ್ದು 50 ಲಕ್ಷ ಅಕ್ಷರ. ಇವತ್ತು ಮೊಬೈಲಿನಾಗ ತಗದ ಒಂದು ಫೋಟೋಕ್ಕ ಹೆಚ್ಚು ಕಡಿಮಿ ಅಷ್ಟು ಜಾಗಾ ಬೇಕು.

ಆ ತಾಟಿಗೆ ಕಬ್ಬಿಣದ ತುಕ್ಕು ಕಲಸಿದ ಬಣ್ಣ ಹಚ್ಚಬೇಕಾಗಿತ್ತು, ಅದರ ಮ್ಯಾಲನ ಬರಿಯೋದು. ತಾಟು ತಿರಗಲಿಕ್ಕೆ ಬಿಟ್ಟು ನಡುವ ಕಾಗದದ ಕಪ್ಪಿನಿಂದ ಬಣ್ಣ ಸುರೀತಿದ್ರು, ಅದು ತಾನ ಅಂಚಿನ ತನಕ ಹರಡತಿತ್ತು. ಬಣ್ಣದಾಗ ಗಂಟು ಇರಬಾರದಂತ ಹೆಂಗಸರ ರೇಷ್ಮಿ ಕಾಲುಚೀಲದಾಗ ಸೋಸ್ತಿದ್ರಂತ. ಶ್ರೀಖಂಡಕ್ಕ ಚಕ್ಕಾ ಕಟ್ಟೂ ಅರವಿ ನೆನಪಾಗಿ ನಂಗ ನಗು ಬಂತು.

ಈ ಯಂತ್ರ ಹೆಚ್ಚಾಗಿ ಬಾಡಿಗಿ ಮ್ಯಾಲೆ ಕೊಡ್ತಿದ್ರು, ತಿಂಗಳಿಗೆ 3200 ಡಾಲರ್. ಬಾಡಿಗಿ ಅಂದ ಮ್ಯಾಲೆ ಮನಿ ಸೋರಿದ್ರ ಮಾಲಕರ ಬಂದು ನೋಡಬೇಕಲ್ಲ? ಹಂಗ ಕೆಟ್ರ ಐಬಿಎಂದವರ ಬಂದು ಸರಿ ಮಾಡಬೇಕು. "ವಾರಂಟಿ ಮುಗೀತು" ಅನ್ನೋ ಮಾತಿಗೆ ಅಲ್ಲೆ ಜಾಗಾನ ಇದ್ದಿದ್ದಿಲ್ಲ.

1973 ರಾಗ ವಿಂಚೆಸ್ಟರ್ ಅಂತ ಕರಿಯೋ ಡಿಸ್ಕು ಬಂತು, ತಾಟು, ಓದೂ ಕಡ್ಡಿ ಎಲ್ಲಾ ಒಂದ ಡಬ್ಬಿಯೊಳಗ ಧೂಳು ಹೋಗದಂಗ ಮುಚ್ಚಿದ್ದು. 1980 ರಾಗ ಸೀಗೇಟ್ ಕಂಪನಿ 5.25 ಇಂಚಿನ ಸಣ್ಣ ಡಿಸ್ಕು ಮಾರಾಟಕ್ಕ ತಂತು. ಹಿಡಿಯೋದು 5 ಮೆಗಾಬೈಟು, ಕಿಮ್ಮತ್ತು 1500 ಡಾಲರ್. ಅಲ್ಲಿಂದ ಮುಂದ ಡಿಸ್ಕು ಮೇಜಿನ ಮ್ಯಾಲಿನ ಕಂಪ್ಯೂಟರಿನೊಳಗ ಹೊಕ್ಕಿತು, ಕೊಂಡವರ ಸ್ವಂತದ್ದಾತು, ಕೆಡೂ ಸಂಕಟಾನೂ ಸ್ವಂತದ್ದಾತು.

ಲ್ಯಾಪಟಾಪಿನೊಳಗಿಂದು ಅಂಗೈಯಷ್ಟೂ ಇಲ್ಲ. ತಾಟು ನಿಮಿಷಕ್ಕ 5400 ಸುತ್ತು ತಿರಗತದ, ಅದರ ಮ್ಯಾಲೆ ಓದೂ ಕಡ್ಡಿಯ ತುದಿ ಮುಟ್ಟದ ಗಾಳಿಯೊಳಗ ತೇಲತದ. ನಡುವಿನ ಸಂದಿ ತಲಿಗೂದಲಿನ ಸಾವಿರಾರು ಪಾಲಿನಾಗ ಒಂದು ಪಾಲು. ಧೂಳಿನ ಕಣ ಸಿಕ್ರ, ಇಲ್ಲಾ ಓಡೂ ಮುಂದ ಧಕ್ಕಿ ಬಿದ್ರ, ತುದಿ ತಾಟನ್ನ ಗೀಚತದ. 2003 ರಾಗ ಐಬಿಎಂದವರು ಥಿಂಕ್‌ಪ್ಯಾಡ್ ಲ್ಯಾಪಟಾಪಿಗೆ, ಅದು ಕೆಳಗ ಬೀಳ್ಲಿಕತ್ತದ ಅಂತ ತಿಳದು ಕಡ್ಡಿಯನ್ನ ಬಾಜೂಕ ಸರಿಸೂ ಉಪಾಯ ಹಾಕಿದ್ರು. ಹೊಡತ ಬೀಳದಿದ್ರೂ ಸವಿಯೋದು ತಪ್ಪೂದಿಲ್ಲ, ತಿರಗೂ ಸಾಮಾನು.

ಈಗ ವಾರಂಟಿ ಕಥಿ ಕೇಳ್ರಿ, ನನ್ನ ಕಣ್ಣು ತಗಿಸಿದ್ದು ಇದು. 2002 ರ ತನಕ ಮನಿ ಕಂಪ್ಯೂಟರಿನ ಡಿಸ್ಕಿಗೆ ಸಾಮಾನ್ಯ ಮೂರು ವರ್ಷದ ವಾರಂಟಿ ಇತ್ತು. ಆ ವರ್ಷದ ಅಕ್ಟೋಬರದ ಹೊತ್ತಿಗೆ ಮ್ಯಾಕ್ಸ್ಟರ್, ಸೀಗೇಟ್, ವೆಸ್ಟರ್ನ್ ಡಿಜಿಟಲ್ ಮೂರೂ ಕಂಪನಿಯವರು ಹೆಚ್ಚಿನ ಡಿಸ್ಕುಗಳಿಗೆ ಅದನ್ನ ಒಂದು ವರ್ಷಕ್ಕ ಇಳಿಸಿದ್ರು. ಎರಡು ವರ್ಷ ಆಗೂದರೊಳಗ, 2004 ರ ಜುಲೈದಾಗ, ಸೀಗೇಟಿನವರು ಐದು ವರ್ಷ ಕೊಡ್ತೇವಿ ಅಂತ ಸಾರಿದ್ರು, ಲ್ಯಾಪಟಾಪಿನ ಡಿಸ್ಕಿಗೂ ಸೈತ. ಮುಂದ 2011 ರಾಗ ಥಾಯ್ಲೆಂಡಿನಾಗ ಮಹಾಪೂರ ಬಂತು. ವೆಸ್ಟರ್ನ್ ಡಿಜಿಟಲ್‌ನ ಕಾರ್ಖಾನಿಯೊಳಗ ನೀರು ಹೊಕ್ಕಿತು, ಡಿಸ್ಕು ಸಿಗದಂಗಾಗಿ ರೇಟು ಏರಿತು. ಆ ವರ್ಷ ಮುಗಿಯೂ ಮುಂದ ಸೀಗೇಟಿನವರು ಮೊಮೆಂಟಸ್ ಅನ್ನೋ ಲ್ಯಾಪಟಾಪ್ ಡಿಸ್ಕಿನ ವಾರಂಟಿಯನ್ನ ಒಂದು ವರ್ಷಕ್ಕ ತಂದ್ರು. ವೆಸ್ಟರ್ನ್ ಡಿಜಿಟಲ್‌ನವರು ತಮ್ಮ ಸ್ಕಾರ್ಪಿಯೋ ಬ್ಲೂದ್ದು ಮೂರರಿಂದ ಎರಡಕ್ಕ ತಂದ್ರು.

ಒಂದು, ಐದು, ಮತ್ತ ಒಂದು. ಹತ್ತು ವರ್ಷದೊಳಗ ಡಿಸ್ಕಿನ ಆಯುಷ್ಯ ಐದು ಪಟ್ಟು ಬೆಳದು ಮತ್ತ ಐದು ಪಟ್ಟು ಕುಗ್ಗಿತು ಅಂದ್ರ ನಂಬ್ತೀರೇನು? ಗಿರಾಕಿ ಬೇಕಾದಾಗ ವರ್ಷ ಏರಿಸಿದ್ರು, ಮಾಲಿನ ಅಭಾವದಾಗ ಹೆಂಗೂ ತಗೊಂಡ ತಗೋತಾರ ಅಂದಾಗ ಇಳಿಸಿದ್ರು. ನನಗ ಕಾಣೂದು ಹಿಂಗ.

ಅಷ್ಟೊತ್ತಿಗೆ ಐಬಿಎಂದವರ ಹೆಸರಿಗೂ ಮಸಿ ಹತ್ತಿತ್ತು. 2000 ರಾಗ ಅವರು ಮಾರಿದ ಡೆಸ್ಕ್‌ಸ್ಟಾರ್ 75ಜಿಎಕ್ಸ್‌ಪಿ ಅನ್ನೋ ಡಿಸ್ಕು ಟಿಕ್ ಟಿಕ್ ಅಂತ ಸದ್ದು ಮಾಡಿ ಸಾಯಲಿಕತ್ತವು. ಮಂದಿ ಅದನ್ನ 'ಡೆತ್‌ಸ್ಟಾರ್' ಅಂತ ಕರದ್ರು. 2001 ರಾಗ ಕೊಂಡವರು ಕೂಡಿ ಕ್ಯಾಲಿಫೋರ್ನಿಯಾದಾಗ ಖಟ್ಲೆ ಹಾಕಿದ್ರು. ಅದು ಮುಗಿಯೂ ಮೊದಲನ ಐಬಿಎಂ ತನ್ನ ಡಿಸ್ಕಿನ ವ್ಯಾಪಾರಾನ ಹಿಟಾಚಿಗೆ ಮಾರಿ ಕೈ ತೊಳಕೊಂಡಿತ್ತು. 2005 ರಾಗ ರಾಜಿ ಆಗಿ, ತಲಿಗೆ ಹೆಚ್ಚಂದ್ರ 100 ಡಾಲರ್ ಅಂತ ಠರಾವಾತು. ನೂರು ಡಾಲರಿಗೆ ಡಿಸ್ಕು ಬರತದ. ಡಿಸ್ಕಿನೊಳಗ ಇದ್ದದ್ದು?

ನಮ್ಮ ಮನ್ಯಾಗ ಒಳಗ ಇದ್ದದ್ದು ಅತ್ತಿಯವರ ಹಾಡು. ಉರುಟಣಿ ಹಾಡು, ತೊಟ್ಟಿಲ ಹಾಡು, ಬೀಗರ ಹಾಡು, ಮಂಗಳಗೌರಿ ಆರತಿ, ಹಿಂಗ 42 ಹಾಡು ಮಗಳು ಕೂತು ಲ್ಯಾಪಟಾಪಿನಾಗ ತುಂಬಿಸಿದ್ದಳು. ಇನ್ನೊಂದು ಪ್ರತಿ ಅಕಿ ಮೊಬೈಲಿನಾಗಿತ್ತು, ಅದು ಹುಬ್ಬಳ್ಳಿ ಬಸ್ಸಿನಾಗ ಕಳವಾತು. ಅತ್ತಿಯವರು ತೀರಿಕೊಂಡು ಆಗ ಎರಡು ವರ್ಷ. ಲ್ಯಾಪಟಾಪಿಗೆ ಒಂದು ವರ್ಷದ ವಾರಂಟಿ ಕಂಪನಿದು, ಮ್ಯಾಲೆ ಎರಡು ವರ್ಷದ್ದು ನಾವು ರೊಕ್ಕ ಕೊಟ್ಟು ತಗೊಂಡದ್ದು. ಮೂರು ವರ್ಷ ಮುಗದ ಹತ್ತೊಂಬತ್ತನೇ ದಿನ ಟಿಕ್ ಟಿಕ್ ಅಂತು. ಸರ್ವಿಸ್ ಸೆಂಟರಿನ ಹುಡುಗ ತಾರೀಖು ನೋಡಿ ತಲಿ ಅಲ್ಲಾಡಿಸಿದ. ಮಗಳು ವಾರಂಟಿ ಕಾಗದ ತಗದು ಓದಿದಳು: ವಾರಂಟಿ ಇದ್ದಾಗನೂ ಒಳಗಿನ ಮಾಹಿತಿಗೆ ತಾವು ಜವಾಬ್ದಾರರಲ್ಲ ಅಂತ ಸಣ್ಣ ಅಕ್ಷರದಾಗ ಇತ್ತು. ಅಂದ್ರ ಇಪ್ಪತ್ತು ದಿನ ಮೊದಲ ಹೋಗಿದ್ರ ಹೊಸಾ ಖಾಲಿ ಡಿಸ್ಕು ಕೊಡ್ತಿದ್ರು, ಅಷ್ಟ.

ಬೆಂಗಳೂರಾಗ ಧೂಳು ಇರದ ಖೋಲ್ಯಾಗ ಡಿಸ್ಕು ಬಿಚ್ಚಿ ಒಳಗಿಂದು ತಗದು ಕೊಡೋರು ಇದ್ದಾರ. 22 ಸಾವಿರ ಕೇಳಿದ್ರು. "ನಾಲ್ಕು ಸಾವಿರದ ಡಿಸ್ಕಿಗೆ ಇಪ್ಪತ್ತೆರಡು ಸಾವಿರ?" ಅಂದ್ರು ನಮ್ಮ ಮನಿಯವರು. ರಾತ್ರಿ ಊಟಕ್ಕ ಕೂತಾಗ ತಾವ ಅಂದ್ರು, "ಕಳಸು, ಅವ್ವನ ಧ್ವನಿ ಅದ." ಇಷ್ಟು ವರ್ಷದಾಗ ಅವರು ನನಗ ಲೆಕ್ಕ ಕೇಳದ ಖರ್ಚು ಅದೊಂದ. 31 ಹಾಡು ಬಂದವು.

ಹಂಗಾದ್ರ ಮೂರು ವರ್ಷಕ್ಕ ಸರಿಯಾಗಿ ಯಾಕ? ಇದನ್ನ ಎಣಿಸಿ ನೋಡಿದವರಿದ್ದಾರ. ಡಬ್ಬಿ ಮ್ಯಾಲೆ ಕಂಪನಿಯವರು ಸರಾಸರಿ 10 ಲಕ್ಷ ತಾಸು ಅಂತ ಬರೀತಿದ್ರು, ಲೆಕ್ಕ ಹಾಕಿದ್ರ 114 ವರ್ಷ! 2007 ರಾಗ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್, ಗಾರ್ತ್ ಗಿಬ್ಸನ್ ಇಬ್ಬರೂ ಸುಮಾರು ಒಂದು ಲಕ್ಷ ಡಿಸ್ಕಿನ ದಾಖಲೆ ನೋಡಿದ್ರು. ಕಂಪನಿಯವರ ಲೆಕ್ಕದಾಗ ವರ್ಷಕ್ಕ ನೂರರಾಗ ಒಂದೂ ಕೆಡಬಾರದು, ಖರೇದಾಗ ಎರಡರಿಂದ ನಾಲ್ಕು, ಕೆಲವು ಕಡೆ ಹದಿಮೂರರ ತನಕ ಬದಲಿ ಮಾಡಿದ್ರು. ಅದ ವರ್ಷ ಗೂಗಲ್‌ನವರು ತಮ್ಮ ಡಿಸ್ಕು ಎಣಿಸಿದಾಗ ಮೊದಲ ವರ್ಷದಾಗ ಶೇ. 1.7, ಮೂರನೇ ವರ್ಷದ್ದರಾಗ ಶೇ. 8.6 ಕೆಟ್ಟಿದ್ದು ಕಂಡಿತು. 2013 ರಾಗ ಬ್ಯಾಕ್‌ಬ್ಲೇಜ್ ಅನ್ನೋ ಅಮೆರಿಕದ ಕಂಪನಿ ತನ್ನ ಕಡೆ ಇದ್ದ 25 ಸಾವಿರ ಡಿಸ್ಕಿನ ಲೆಕ್ಕ ಎಲ್ಲಾರ ಮುಂದ ಇಟ್ಟಿತು. ಮೊದಲ ಒಂದೂವರಿ ವರ್ಷ ವರ್ಷಕ್ಕ ಶೇ. 5.1, ಮುಂದಿನ ಒಂದೂವರಿ ವರ್ಷ ಬರೇ 1.4, ಮೂರು ವರ್ಷ ದಾಟಿದ್ದ ತಡ 11.8.

ಮಾಡೂ ಮುಂದ ಏನರ ಕೊರತಿ ಉಳದಿದ್ರ ಡಿಸ್ಕು ಮೊದಲ ಕೆಡತದ, ಪಾರಾದವು ನಡುವ ಸುಖದಿಂದ ನಡೀತಾವ, ಆಮ್ಯಾಲೆ ಸವದವು ಬೀಳತಾವ. ಆ ಏರು ಎಲ್ಲಿಂದ ಸುರು ಆಗತದ ಅಂತ ಮಾಡಿದವರಿಗೆ ಗೊತ್ತಿರದ ಇರತದೇನು? ಏರಿನ ಈಚಿಗೆ ವಾರಂಟಿಯ ಬೇಲಿ ಹಾಕಿದ್ರ ಅವರ ಖರ್ಚು ಕಡಿಮಿ. ಆದ್ರ ವೈನಿಯವರಿಗೆ ನಾ ಇನ್ನೊಂದು ಮಾತೂ ಹೇಳಿದೆ: ಶೇ. 11.8 ಕೆಟ್ರ ಉಳದ 88 ಸುಮ್ನ ನಡದಿರ್ತಾವ, ಅವುಗಳ ಸುದ್ದಿ ಯಾರೂ ಕಟ್ಟಿ ಮ್ಯಾಲೆ ಕೂತು ಹೇಳೂದಿಲ್ಲ. ಅವರು ಒಪ್ಪಲಿಲ್ಲ.

ಕಾನೂನಿನ ಮಾತು ಕೇಳಿದವರಿಗೆ: 2019 ರ ಹೊಸಾ ಗ್ರಾಹಕರ ಕಾನೂನು 2020 ರ ಜುಲೈ 20 ರಿಂದ ನಡದದ. ಕೊಂಡ ಊರಿಗೆ ಓಡಬೇಕಾಗಿಲ್ಲ, ನಾವಿರೋ ಜಿಲ್ಲಾದ ಆಯೋಗದಾಗನ ದೂರು ಕೊಡಬಹುದು, ತಕರಾರು ಹುಟ್ಟಿದ ಎರಡು ವರ್ಷದೊಳಗ. ಆದ್ರ ವಾರಂಟಿ ಮುಗದಿದ್ರ ಮಾಡೂ ಮುಂದನ ದೋಷ ಇತ್ತು ಅಂತ ತೋರಿಸಬೇಕಾಗತದ. ಮೂರು ವರ್ಷ ತಿರಗಿದ ಡಿಸ್ಕಿಗೆ ಅದು ಸರಳ ಇಲ್ಲ. ನಾವು ಹೋಗಲಿಲ್ಲ.

ಈಗಿನ ಲ್ಯಾಪಟಾಪಿನಾಗ ತಾಟು ತಿರಗೂದ ಇಲ್ಲ, ಎಸ್‌ಎಸ್‌ಡಿ ಅಂತ ಚಿಪ್ಪಿನದು ಬರತದ. ಅದು ಕೆಟ್ರ ಟಿಕ್ ಅಂತ ಸದ್ದೂ ಬರೂದಿಲ್ಲ.

ಬರದಿದ್ದ 11 ಹಾಡಿನಾಗ ನಾಲ್ಕು ಶಿರಸಿ ಅಬಚಿ ಫೋನಿನಾಗ ಹಾಡಿ ಕಳಿಸ್ಯಾರ. ಇನ್ನ ಏಳು ಉಳದಾವ: ಎರಡು ಬೀಗರ ಹಾಡು, ಹಸಿಗೆ ಕರಿಯೂದು ಒಂದು, ಬೀಸೂ ಹಾಡು ಮೂರು, ಮತ್ತ ಕೂಸಿಗೆ ಎರಿಯೂ ಮುಂದ ಹೇಳೂದೊಂದು. ಅತ್ತಿಯವರ ಸಂಗತೀಲೆ ಹಾಡಿದವರು ನಿಮ್ಮೊಳಗ ಯಾರರ ಇದ್ರ ಮಧ್ಯಾಹ್ನ ಮೂರರ ಮ್ಯಾಲೆ ಫೋನ್ ಮಾಡ್ರಿ, ಮಗಳು ರವಿವಾರ ಮನ್ಯಾಗ ಇರ್ತಾಳ.