ನಿಜ ಹೇಳಿದ್ದೇ ತಪ್ಪಾ?

ತಿಕೋಟಾದಿಂದಲೋ ಬಬಲೇಶ್ವರದಿಂದಲೋ ಕೆನ್ನೆ ಹಿಡ್ಕೊಂಡು ವಿಜಯಪುರದ ಬಸ್ ಹತ್ತಿದ ಒಬ್ಬರನ್ನ ಊಹಿಸಿಕೊಳ್ಳಿ. ಹಲ್ಲಿನ ಡಾಕ್ಟರ ಮುಂದೆ ಕೂತು, 'ಸರ್, ನನಗ ಎಚ್‌ಐವಿ ಐತ್ರಿ' ಅಂತಾರೆ. 'ಬ್ಯಾರೆ ಕಡೆ ಹೋಗ್ರಿ' ಅಂತ ಉತ್ತರ ಬಂದ್ರೆ?

ಈ ಭಯಕ್ಕೂ ಒಂದು ಇತಿಹಾಸ ಇದೆ. 1990ರಲ್ಲಿ ಅಮೆರಿಕದಿಂದ ಒಂದು ವರದಿ ಬಂತು. ಫ್ಲೋರಿಡಾದ ಯುವತಿ ಕಿಂಬರ್ಲಿ ಬರ್ಗಾಲಿಸ್‌ಗೆ ದಂತವೈದ್ಯರಿಂದಲೇ ಸೋಂಕು ತಗುಲಿರಬಹುದು ಅಂತ. ರೋಗಿಗಳು ಬೆಚ್ಚಿಬಿದ್ದರು. ಆದರೆ ಭಯ ಎರಡೂ ಕಡೆ ಇತ್ತು. 1994ರಲ್ಲಿ ಮೇನ್ ರಾಜ್ಯದ ದಂತವೈದ್ಯರೊಬ್ಬರು ಸೋಂಕಿತೆ ಸಿಡ್ನಿ ಅಬಾಟ್ ಅವರ ಹುಳುಕು ಹಲ್ಲು ತುಂಬಲು ತಮ್ಮ ಕ್ಲಿನಿಕ್‌ನಲ್ಲಿ ಒಪ್ಪಲಿಲ್ಲ. ರೋಗಲಕ್ಷಣ ಇಲ್ಲದ ಸೋಂಕಿತರಿಗೂ ಕಾನೂನಿನ ರಕ್ಷಣೆ ಸಿಗಬಹುದು ಅಂತ 1998ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು.

ನಮ್ಮಲ್ಲಿ? 1986ರಲ್ಲಿ ಚೆನ್ನೈನಲ್ಲಿ ಮೊದಲ ಪ್ರಕರಣಗಳು ಪತ್ತೆಯಾದವು. ಮುಂದೆ ಬಾಗಲಕೋಟೆ, ಬೆಳಗಾವಿ ಜೊತೆ ನಮ್ಮ ವಿಜಯಪುರವೂ ಸೋಂಕು ಹೆಚ್ಚಿರುವ ಜಿಲ್ಲೆ ಅನಿಸಿಕೊಂಡಿತು. ಚಿಕಿತ್ಸೆಯಲ್ಲಿ ತಾರತಮ್ಯ ಮಾಡುವಂತಿಲ್ಲ ಅನ್ನೋ ಕಾಯ್ದೆ 2017ರಲ್ಲಿ ಬಂತು. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ.

ನಾನು ಓದಿದ್ದು ಎಂಜಿನಿಯರಿಂಗ್, ಲೆಕ್ಕ ನೋಡ್ತೀನಿ. ಸೋಂಕಿತರ ರಕ್ತವಿದ್ದ ಸೂಜಿ ಚುಚ್ಚಿದರೂ ಎಚ್‌ಐವಿ ತಗುಲುವ ಸಾಧ್ಯತೆ ಸುಮಾರು ಶೇ. 0.3. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಅಪಾಯ ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಹಾಗಾಗಿ ಗ್ಲೌಸ್, ಮಾಸ್ಕ್, ಆಟೋಕ್ಲೇವ್ ಪ್ರತಿ ರೋಗಿಗೂ ಬೇಕು. ಸೋಂಕಿದೆ ಅಂತ ತಮಗೇ ಗೊತ್ತಿಲ್ಲದವರೂ ಅದೇ ಕುರ್ಚಿಯಲ್ಲಿ ಕೂರ್ತಾರೆ ಅಲ್ವಾ?

ನಿಜ ಹೇಳಿದವರನ್ನ ವಾಪಸ್ ಕಳಿಸಿ ನೋಡಿ. ನಾಳೆ ಬರೋರು ಬಾಯಿ ತೆರೀತಾರೆ, ನಿಜ ಮಾತ್ರ ಹೇಳಲ್ಲ.