ನೌರು ದ್ವೀಪದ ನೆಲ

ಶಾಂತಸಾಗರದ ನಡುವೆ, ಭೂಮಧ್ಯರೇಖೆಗೆ ತುಸು ದಕ್ಷಿಣದಲ್ಲಿ, ನೌರು ಎಂಬ ದ್ವೀಪವಿದೆ. ವಿಸ್ತಾರ 21 ಚದರ ಕಿಲೋಮೀಟರು. ನಡಿಗೆ ಬಲ್ಲವನು ಮುಂಜಾನೆ ಹೊರಟರೆ ಹೊತ್ತು ನೆತ್ತಿಗೇರುವುದರೊಳಗೆ ಅದನ್ನು ಪ್ರದಕ್ಷಿಣೆ ಮಾಡಿ ಬರಬಹುದು. ಇಷ್ಟು ಕಿರಿಯ ನಾಡು ತನ್ನ ನೆಲಕ್ಕಾದ ಹಾನಿಗಾಗಿ ದೊಡ್ಡ ರಾಜ್ಯವೊಂದನ್ನು ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ ನಿಲ್ಲಿಸಿದ ವೃತ್ತಾಂತವು ವಾಚಕರಲ್ಲಿ ಅನೇಕರಿಗೆ ಹೊಸದಾಗಿರಬಹುದು.

ದ್ವೀಪದ ಅಂಚಿಗೆ ತೆಂಗು ಬೆಳೆಯುವ ಕಿರಿದಾದ ತೀರ. ಉಳಿದುದೆಲ್ಲವೂ ಎತ್ತರದ ದಿಣ್ಣೆ. ಅಲ್ಲಿ ಸುರಹೊನ್ನೆಯ ಕಾಡಿದ್ದಿತು. ನಮ್ಮ ಕರಾವಳಿಯಲ್ಲಿಯೂ ಬೆಳೆಯುವ ಮರವೇ ಅದು. ಕಾಡಿನಡಿಯಲ್ಲಿ ಹವಳದ ಸುಣ್ಣಕಲ್ಲಿನ ಕಂಬಗಳು, ಅವುಗಳ ಸಂದಿನಲ್ಲೆಲ್ಲ ಫಾಸ್ಫೇಟು. ಹೊಲಗಳಿಗೆ ಇದಕ್ಕಿಂತ ಮೇಲಾದ ಗೊಬ್ಬರ ದುರ್ಲಭ. ಇದು ಬೆಳಕಿಗೆ ಬಂದ ಬಗೆ ವಿನೋದವಾದುದು. ಸಿಡ್ನಿಯ ವ್ಯಾಪಾರದ ಕಂಪೆನಿಯೊಂದರ ಕಚೇರಿಯಲ್ಲಿ ಬಾಗಿಲಿಗೆ ಒತ್ತಿಡಲು ನೌರುವಿನ ಕಲ್ಲೊಂದನ್ನು ಬಳಸುತ್ತಿದ್ದರು; ಮರವು ಕಲ್ಲಾದುದೆಂದು ಎಣಿಸಿದ್ದರು. ಆಲ್ಬರ್ಟ್ ಎಲಿಸ್ ಎಂಬ ನೌಕರನು ಸಂಶಯಪಟ್ಟು ಅದನ್ನು ಪರೀಕ್ಷಿಸಿದನು. 1900ರಲ್ಲಿ ತಾನೇ ದ್ವೀಪಕ್ಕೆ ಹೋಗಿ ನಿಕ್ಷೇಪವನ್ನು ಕಂಡುಬಂದನು.

ಆಗ ಅಲ್ಲಿ ಜರ್ಮನರ ಆಳ್ವಿಕೆ. ಕೆಲವೇ ವರ್ಷಗಳಲ್ಲಿ ಅಗೆತ ಮೊದಲಾಯಿತು. ನೆಲದ ಒಡೆಯನಿಗೆ ಟನ್ನಿಗೆ ಅರ್ಧ ಪೆನ್ನಿ ದೊರೆಯುತ್ತಿದ್ದಿತು. ಮೊದಲನೆಯ ಮಹಾಯುದ್ಧದಲ್ಲಿ ದ್ವೀಪವು ಆಸ್ಟ್ರೇಲಿಯದ ಕೈಸೇರಿತು. 1919ರಲ್ಲಿ ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡುಗಳು ಗೊಬ್ಬರವನ್ನು ತಮ್ಮೊಳಗೆ ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡವು. ಪರದೇಶದ ಗದ್ದೆಗಳು ಹಸುರಾದಂತೆ ಈ ದಿಣ್ಣೆ ಬೋಳಾಯಿತು. ಮಣ್ಣನ್ನು ತೆಗೆದ ಮೇಲೆ ಉಳಿಯುವುವು ಆ ಕಲ್ಲುಕಂಬಗಳು ಮಾತ್ರ. ಅವುಗಳ ನಡುವೆ ಮನುಷ್ಯನು ನಡೆಯುವುದೇ ಕಷ್ಟ, ಉಳುವ ಮಾತಂತೂ ದೂರ.

ಎರಡನೆಯ ಮಹಾಯುದ್ಧವು ಇನ್ನೂ ಕ್ರೂರವಾಗಿದ್ದಿತು. 1943ರಲ್ಲಿ ಜಪಾನೀಯರು ಸುಮಾರು 1,200 ಮಂದಿ ನೌರುವಾಸಿಗಳನ್ನು ಟ್ರುಕ್ ದ್ವೀಪಗಳಿಗೆ ಸಾಗಿಸಿದರು. ಬದುಕಿ ಉಳಿದ 737 ಮಂದಿ 1946ರ ಜನವರಿ 31ರಂದು ತಮ್ಮ ದಡವನ್ನು ಮುಟ್ಟಿದರು. ಈ ದಿನಾಂಕವನ್ನು ವಾಚಕರು ನೆನಪಿನಲ್ಲಿಡಬೇಕು.

ಗೊಬ್ಬರವು ತೀರಿದ ಮೇಲೆ ಈ ಜನರ ಗತಿಯೇನು? 1960ರ ದಶಕದಲ್ಲಿ ಆಸ್ಟ್ರೇಲಿಯವು ತನ್ನ ಕ್ವೀನ್ಸ್‌ಲೆಂಡಿನ ಕರ್ಟಿಸ್ ದ್ವೀಪದಲ್ಲಿ ಅವರನ್ನು ನೆಲೆಗೊಳಿಸುವೆನೆಂದಿತು. ಹಾಗೆ ಹೋದರೆ ತಾವು ಒಂದು ಜನಾಂಗವಾಗಿ ಉಳಿಯಲಾರೆವೆಂದು ಮುಖಂಡ ಹ್ಯಾಮರ್ ಡಿರಾಬರ್ಟರೂ ಸಂಗಡಿಗರೂ 1964ರಲ್ಲಿ ಒಲ್ಲೆನೆಂದರು. ಹಾಳುಬಿದ್ದರೂ ತಮ್ಮ ನೆಲವೇ ಬೇಕೆಂದ ಈ ನಿರ್ಧಾರವು ನನಗೆ ಅವರ ಇತಿಹಾಸದ ನಡುಗಂಬವಾಗಿ ತೋರುತ್ತದೆ. 1968ರಲ್ಲಿ ಅವರು ಸ್ವತಂತ್ರರಾದರು. ಅದಕ್ಕೆ ಆರಿಸಿಕೊಂಡ ದಿನವೂ ಜನವರಿ 31.

ಅನಂತರ ಶ್ರೀಲಂಕಾದ ನ್ಯಾಯವಿದ ವೀರಮಂತ್ರಿಯವರ ಅಧ್ಯಕ್ಷತೆಯಲ್ಲಿ ಒಂದು ವಿಚಾರಣಾ ಆಯೋಗವು ಏರ್ಪಟ್ಟಿತು. ಸ್ವಾತಂತ್ರ್ಯಕ್ಕೆ ಮುಂಚೆ ಅಗೆದ ನೆಲವನ್ನು ಸರಿಪಡಿಸುವ ಹೊಣೆ ಆಳಿದವರದೆಂದು ಅದು ಅಭಿಪ್ರಾಯಪಟ್ಟಿತು. 1989ರಲ್ಲಿ ನೌರು ಹೇಗ್ ನಗರದ ನ್ಯಾಯಾಲಯದಲ್ಲಿ ಆಸ್ಟ್ರೇಲಿಯದ ಮೇಲೆ ದಾವೆ ಹೂಡಿತು. ದಾವೆಯನ್ನು ವಿಚಾರಿಸಲು ತನಗೆ ಅಧಿಕಾರವುಂಟೆಂದು ನ್ಯಾಯಾಲಯವು 1992ರಲ್ಲಿ ಹೇಳಿತು. ಅಂತಿಮ ತೀರ್ಪಿಗೆ ಮುನ್ನವೇ, 1993ರಲ್ಲಿ, ರಾಜಿಯಾಯಿತು: ಆಸ್ಟ್ರೇಲಿಯವು 107 ದಶಲಕ್ಷ ಆಸ್ಟ್ರೇಲಿಯನ್ ಡಾಲರುಗಳನ್ನು ಕೊಡಲೊಪ್ಪಿತು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸೊಗಸಾಗಿರುತ್ತಿದ್ದಿತು. ಆದರೆ ಸ್ವತಂತ್ರ ನೌರುವೂ ಅಗೆತವನ್ನು ನಿಲ್ಲಿಸಲಿಲ್ಲ. ಕೆಲಕಾಲ ಸಿರಿಯುಕ್ಕಿತು; ಮುಂದಿನ ಪೀಳಿಗೆಗೆಂದು ಕೂಡಿಟ್ಟ ನಿಧಿಯು ಕೆಟ್ಟ ವ್ಯವಹಾರಗಳಲ್ಲಿ ಕರಗಿತು. ಲಂಡನ್ನಿನಲ್ಲಿ ಲಿಯೊನಾರ್ಡೊ ಎಂಬ ಸಂಗೀತನಾಟಕಕ್ಕೂ ಹಣ ಸುರಿದರು. ಅದು ಬೇಗನೆ ಮುಚ್ಚಿತು. ಪರರು ಅಗೆದುದಕ್ಕೆ ನ್ಯಾಯ ಕೇಳಬಹುದು. ತಾವೇ ಅಗೆದುದಕ್ಕೆ ಯಾರನ್ನು ಕೇಳುವುದು?

ದಿಣ್ಣೆಯನ್ನು ಸರಿಪಡಿಸಲು ಒಂದು ಸರ್ಕಾರಿ ಸಂಸ್ಥೆಯನ್ನೇ ಸ್ಥಾಪಿಸಿದ್ದಾರೆ. ಕಂಬಗಳನ್ನು ಒಡೆದು, ಹೊಂಡಗಳನ್ನು ತುಂಬಿ, ಮೇಲ್ಮಣ್ಣು ಹರಡಿ, ಗಿಡ ನೆಡಬೇಕು. ಕೆಲಸವು ಬಲು ನಿಧಾನ. ಈಚೆಗೆ ಅದಕ್ಕೊಂದು ಅವಸರವೂ ಬಂದಿದೆ. ಸಮುದ್ರವು ಏರುತ್ತಿದೆ, ಜನರ ಮನೆಗಳು ಹೆಚ್ಚಾಗಿ ಇರುವುದು ಆ ತಗ್ಗಿನ ತೀರದಲ್ಲಿಯೇ. ಆದುದರಿಂದ ಮನೆಗಳನ್ನು ಎತ್ತರಕ್ಕೆ, ಆ ಅಗೆದ ದಿಣ್ಣೆಯ ಮೇಲಕ್ಕೇ, ಸಾಗಿಸುವ ಯೋಜನೆಯನ್ನು ಸರ್ಕಾರವು ಕೈಗೊಂಡಿದೆ.