ಕಣ್ಣು ಮುಚ್ಚದ ಪರದೆಯ ಖರ್ಚು

ಕೀಪ್ಯಾಡ್ ಫೋನುಗಳ ಕಾಲದಲ್ಲಿ ಗಂಟೆ ನೋಡಲು ಗುಂಡಿ ಒತ್ತಬೇಕಾಗಿರಲಿಲ್ಲ. 2003ರಲ್ಲಿ ಬಂದು ನಮ್ಮ ಹಳ್ಳಿಹಳ್ಳಿಗೂ ತಲುಪಿದ ನೋಕಿಯಾ 1100ರ ಕಪ್ಪು-ಬಿಳುಪು ಪರದೆ ತನ್ನ ಮೇಲೆ ಬಿದ್ದ ಬೆಳಕಿನಲ್ಲೇ ಅಂಕಿಗಳನ್ನು ತೋರಿಸುತ್ತಿತ್ತು. ದೀಪ ಆರಿದ ಮೇಲೂ ಹಗಲಲ್ಲಿ ಗಂಟೆ ಕಾಣುತ್ತಿತ್ತು, ಅದಕ್ಕೆ ತಗಲುತ್ತಿದ್ದ ವಿದ್ಯುತ್ತು ಲೆಕ್ಕಕ್ಕೆ ಬಾರದಷ್ಟು. ಬಣ್ಣದ ದೊಡ್ಡ ಪರದೆ ಬಂದಾಗ ಈ ಅನುಕೂಲ ಹೋಯಿತು. ದೀಪವಿಲ್ಲದೆ ಏನನ್ನೂ ತೋರಿಸಲಾರದ ಪರದೆಯನ್ನು ಬಳಸದಿದ್ದಾಗಲೆಲ್ಲ ಆರಿಸಿಡುವುದು ಅನಿವಾರ್ಯವಾಯಿತು. ಇಂದು ಜಾಹೀರಾತುಗಳಲ್ಲಿ ಮಿಂಚುವ ಆಲ್ವೇಸ್ ಆನ್ ಡಿಸ್‌ಪ್ಲೇಯ, ಅಂದರೆ ಸದಾ ಬೆಳಗುವ ಪರದೆಯ, ಚರಿತ್ರೆ ಎಂದರೆ, ಕಳೆದುಹೋದ ಆ ಅನುಕೂಲವನ್ನು ಕಡಿಮೆ ಖರ್ಚಿನಲ್ಲಿ ಮರಳಿ ಪಡೆಯಲು ನಡೆದ ಪ್ರಯತ್ನಗಳ ಚರಿತ್ರೆ. ತಾಂತ್ರಿಕವಾಗಿ ಆ ಪ್ರಯತ್ನಗಳು ಗೆದ್ದಿವೆ. ಆದರೆ ಎಂಜಿನಿಯರುಗಳು ಉಳಿಸಿಕೊಟ್ಟ ವಿದ್ಯುತ್ತನ್ನು ತಯಾರಕರು ಬಳಕೆದಾರರ ಬ್ಯಾಟರಿಗೆ ಬಿಡದೆ ಪರದೆಯ ಅಲಂಕಾರಕ್ಕೆ ಸುರಿದರು ಎಂಬುದು ನನ್ನ ವಾದ.

ಮೊದಲ ತಿರುವು ತಂದದ್ದು ಒಎಲ್‌ಇಡಿ. ಇದರಲ್ಲಿ ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗುತ್ತದೆ, ಕಪ್ಪಾಗಿರುವ ಪಿಕ್ಸೆಲ್ ಬೆಳಕಿಗೆಂದು ಏನನ್ನೂ ಬೇಡುವುದಿಲ್ಲ. ಹಾಗಾಗಿ ಕಪ್ಪು ಹಿನ್ನೆಲೆಯ ಮೇಲೆ ನಾಲ್ಕು ಅಂಕಿಗಳನ್ನಷ್ಟೇ ತೋರಿಸುವುದು ಅಗ್ಗವಾಯಿತು. 2009ರ ಎನ್86ರಲ್ಲೇ ನೋಕಿಯಾ ಇದನ್ನು ಮಾಡಿತ್ತು. 2013ರಲ್ಲಿ ಅದು ಲೂಮಿಯಾ ಫೋನುಗಳಿಗೆ ‘ಗ್ಲಾನ್ಸ್’ ಎಂಬ ಹೆಸರಿನಲ್ಲಿ ಬಂತು. ಚಿತ್ರವನ್ನು ಪರದೆಯ ಸ್ವಂತ ಮೆಮೊರಿಯಲ್ಲಿಟ್ಟು ಮುಖ್ಯ ಪ್ರೊಸೆಸರನ್ನು ಮಲಗಿಸುವ ಜಾಣ್ಮೆ ಅದರಲ್ಲಿತ್ತು. ಆ ಮೆಮೊರಿ ಪರದೆಯಲ್ಲಿ ಇಲ್ಲದ್ದರಿಂದ 2014ರ ಲೂಮಿಯಾ 930, ದುಬಾರಿ ಫೋನಾಗಿದ್ದೂ, ಗ್ಲಾನ್ಸ್‌ನಿಂದ ವಂಚಿತವಾಯಿತು. 2013ರಲ್ಲೇ ಬಂದ ಮೋಟೋ ಎಕ್ಸ್ ಬೇರೆ ದಾರಿ ಹಿಡಿಯಿತು. ಸಂದೇಶ ಬಂದಾಗ ಅಥವಾ ಫೋನನ್ನು ಕೈಗೆತ್ತಿಕೊಂಡಾಗ ಮಾತ್ರ ಗಂಟೆಯೂ ಚಿಹ್ನೆಯೂ ಮೂಡಿ ಮರೆಯಾಗುತ್ತಿದ್ದವು. ಈ ಕ್ಷೇತ್ರ ಕಂಡ ಅತ್ಯಂತ ವಿವೇಕದ ವಿನ್ಯಾಸ ಅದೇ ಎಂದು ನನಗನ್ನಿಸುತ್ತದೆ, ಮಾರುಕಟ್ಟೆ ಮಾತ್ರ ಅದರ ಹಿಂದೆ ಹೋಗಲಿಲ್ಲ. 2016ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್7 ಮತ್ತು ಎಲ್‌ಜಿ ಜಿ5 ಸದಾ ಬೆಳಗುವ ಗಡಿಯಾರವನ್ನೇ ದೊಡ್ಡದಾಗಿ ಪ್ರಚಾರ ಮಾಡಿದವು. ಗಂಟೆಗೆ ಶೇ 1ಕ್ಕಿಂತ ಕಡಿಮೆ ಬ್ಯಾಟರಿ ಸಾಕು ಎಂಬುದು ಎರಡೂ ಕಂಪನಿಗಳ ಭರವಸೆಯಾಗಿತ್ತು.

ಎರಡನೆಯ ತಿರುವು ಎಲ್‌ಟಿಪಿಒ. ಹಳೆಯ ಬಗೆಯ ಪರದೆಗಳ ಟ್ರಾನ್ಸಿಸ್ಟರುಗಳಲ್ಲಿ ವಿದ್ಯುದಂಶ ಬೇಗ ಸೋರಿಹೋಗುವುದರಿಂದ, ಚಿತ್ರ ಬದಲಾಗದಿದ್ದರೂ ಅದನ್ನು ಸೆಕೆಂಡಿಗೆ ಹಲವು ಸಲ ಮತ್ತೆ ಮೂಡಿಸಬೇಕು. ಆಕ್ಸೈಡ್ ಟ್ರಾನ್ಸಿಸ್ಟರುಗಳನ್ನು ಬೆರೆಸಿದ ಎಲ್‌ಟಿಪಿಒದಲ್ಲಿ ಸೋರಿಕೆ ತೀರಾ ಕಡಿಮೆ, ಸೆಕೆಂಡಿಗೆ ಒಂದೇ ಸಲ ಮೂಡಿಸಿದರೂ ನಡೆಯುತ್ತದೆ. 2019ರ ಆಪಲ್ ವಾಚ್ ಸೀರೀಸ್ 5 ಪರದೆಯನ್ನು ಆರಿಸದೆಯೂ ಹಿಂದಿನ ಮಾದರಿಯಂತೆ 18 ಗಂಟೆಗಳ ಬಾಳಿಕೆಯ ಮಾತು ಕೊಡಲು ಇದು ಮುಖ್ಯ ಕಾರಣ. ಐಫೋನಿನ ಸರದಿ ಬಂದದ್ದು 2022ರಲ್ಲಿ. ಹಿಂದಿನ ವರ್ಷದ ಐಫೋನ್ 13 ಪ್ರೊ ಸೆಕೆಂಡಿಗೆ 10 ಸಲಕ್ಕಿಂತ ಕೆಳಗಿಳಿಯುತ್ತಿರಲಿಲ್ಲ. 14 ಪ್ರೊ ಒಂದಕ್ಕೆ ಇಳಿಯಿತು, ಜೊತೆಗೆ ಸದಾ ಬೆಳಗುವ ಪರದೆಯನ್ನೂ ತಂದಿತು. ಆದರೆ ಗಳಿಸಿದ ಉಳಿತಾಯವನ್ನು ಅಲ್ಲಿಯೇ ಖರ್ಚು ಮಾಡಲಾಯಿತು. ಕಪ್ಪು ಹಿನ್ನೆಲೆಯ ಬದಲು ವಾಲ್‌ಪೇಪರ್ ಪೂರ್ತಿಯಾಗಿ ಮಂದ ಬೆಳಕಿನಲ್ಲಿ ಉಳಿಯಿತು. ಅದನ್ನು ತೆಗೆದುಹಾಕುವ ಆಯ್ಕೆ ಬಂದದ್ದು ಅದೇ ಡಿಸೆಂಬರಿನ ಐಒಎಸ್ 16.2ರಲ್ಲಿ. ಅಷ್ಟಾದರೂ 2024ರ ಗ್ಯಾಲಕ್ಸಿ ಎಸ್24 ವಾಲ್‌ಪೇಪರನ್ನೇ ಹೊಸ ಆಕರ್ಷಣೆಯೆಂದು ತಂದಿತು. ಸೋರಿಕೆ ತಪ್ಪಿದರೆ ಉಳಿತಾಯವಾಗುವುದು ಮತ್ತೆ ಮತ್ತೆ ಮೂಡಿಸುವ ಖರ್ಚು ಮಾತ್ರ. ಬೆಳಗುವ ಪಿಕ್ಸೆಲ್ಲುಗಳ ಸಂಖ್ಯೆ ಹೆಚ್ಚಿದಂತೆ ಬೆಳಕಿನ ಖರ್ಚು ಏರುವುದನ್ನು ಯಾವ ಟ್ರಾನ್ಸಿಸ್ಟರೂ ತಡೆಯಲಾರದು.

ಗಂಟೆಗೆ ಶೇ 1 ಎಂಬುದು ಕೇಳಲು ಸಣ್ಣದು. ಅದನ್ನು ಯಾವುದರ ಪಕ್ಕದಲ್ಲಿಟ್ಟು ನೋಡಬೇಕು ಎಂಬುದು ಪ್ರಶ್ನೆ. ಫ್ರಾನ್ಸಿನ ಡಿಎಕ್ಸ್‌ಒಮಾರ್ಕ್ ಸಂಸ್ಥೆ ಐಫೋನ್ 14 ಪ್ರೊ ಮ್ಯಾಕ್ಸ್ ಸೇರಿ ನಾಲ್ಕು ದುಬಾರಿ ಫೋನುಗಳನ್ನು ಸುಮ್ಮನೆ ಇಟ್ಟು ಅಳೆದಾಗ, ಈ ಸೌಲಭ್ಯವನ್ನು ಆಫ್ ಮಾಡಿದ್ದರೆ ಸುಮಾರು 400 ಗಂಟೆ, ಆನ್ ಮಾಡಿದ್ದರೆ ಸುಮಾರು 100 ಗಂಟೆ ಬಾಳಿದವು. ಅಂದರೆ ಮಲಗಿದ ಫೋನಿನ ಖರ್ಚು ಗಂಟೆಗೆ ಶೇ 0.25, ಪರದೆ ಬೆಳಗುತ್ತಿದ್ದರೆ ಅದರ ನಾಲ್ಕರಷ್ಟು. ಹೆಚ್ಚುವರಿ ಶೇ 0.75ನ್ನು ಇಡೀ ದಿನಕ್ಕೆ ಗುಣಿಸಿದರೆ ಶೇ 18. 5000 ಎಂಎಎಚ್ ಬ್ಯಾಟರಿಯಲ್ಲಿ ಇದು ವರ್ಷಕ್ಕೆ ಸುಮಾರು ಒಂದೂಕಾಲು ಯೂನಿಟ್ ಕರೆಂಟು, ಮನೆಯ ಬಿಲ್ಲಿನಲ್ಲಿ ಕಾಣಿಸುವುದೇ ಇಲ್ಲ. ನಿಜವಾದ ಖರ್ಚು ಬ್ಯಾಟರಿಯ ಆಯಸ್ಸಿನದು. ದಿನಕ್ಕೆ ಶೇ 18 ಎಂದರೆ ವರ್ಷಕ್ಕೆ ಸುಮಾರು 65 ಪೂರ್ಣ ಚಾರ್ಜುಗಳು. ಐಫೋನ್ 14 ಸರಣಿಯ ಬ್ಯಾಟರಿ 500 ಪೂರ್ಣ ಚಾರ್ಜುಗಳ ನಂತರ ಶೇ 80 ಸಾಮರ್ಥ್ಯ ಉಳಿಸಿಕೊಳ್ಳುವಂತೆ ರೂಪಿಸಿದ್ದು ಎಂದು ಆಪಲ್ ಹೇಳುತ್ತದೆ. ಅದರಲ್ಲಿ ಎಂಟನೆಯ ಒಂದು ಪಾಲು ಒಂದೇ ವರ್ಷದಲ್ಲಿ ಗಡಿಯಾರ ತೋರಿಸಲು ಹೋದಂತಾಯಿತು.

ಇದು ಅತಿಯಾದ ಲೆಕ್ಕ ಎಂಬ ಆಕ್ಷೇಪ ಸರಿಯಾದದ್ದೇ. ಜೇಬಿಗೆ ಹಾಕಿದಾಗ, ಮಗುಚಿ ಇಟ್ಟಾಗ ಸೆನ್ಸರುಗಳು ಪರದೆಯನ್ನು ಆರಿಸುತ್ತವೆ, ರಾತ್ರಿಗೆ ಬೇರೆ ಸಮಯ ನಿಗದಿ ಮಾಡಬಹುದು. ದಿನಕ್ಕೆ ಎಂಟು ಗಂಟೆ ಮೇಜಿನ ಮೇಲಿದ್ದರೆ ಹೋಗುವುದು ಶೇ 6, ಅದು ಒಪ್ಪಬಹುದಾದ ಬೆಲೆ. ಒಪ್ಪಲಾಗದ್ದು ಇನ್ನೊಂದು ವಾದ: ಪದೇಪದೇ ಫೋನ್ ಎಬ್ಬಿಸುವುದು ತಪ್ಪುವುದರಿಂದ ಈ ಸೌಲಭ್ಯ ಬ್ಯಾಟರಿ ಉಳಿಸುತ್ತದಂತೆ. ಒಂದು ಸಲ ಎಬ್ಬಿಸಿದರೆ ಐದು ಸೆಕೆಂಡು, 2 ವ್ಯಾಟ್ ಎಂದು ಧಾರಾಳವಾಗಿಯೇ ಹಿಡಿಯೋಣ. ಮೇಲಿನ ಅಳತೆಯ ಪ್ರಕಾರ ಒಂದು ಗಂಟೆ ಬೆಳಗಿದ ಪರದೆಯ ಖರ್ಚು ಅಂಥ 50 ಸಲಕ್ಕೆ ಸಮ. ಗಂಟೆಗೆ 50 ಸಲ ಸಮಯ ನೋಡುವವರಿಗೆ ಬೇಕಾದ ಚಿಕಿತ್ಸೆ ಪರದೆಯಲ್ಲಿ ಸಿಗದು. ಫೋನನ್ನು ಮತ್ತೆ ಮತ್ತೆ ಇಣುಕುವುದು ಅಭ್ಯಾಸವಾಗಿ ಬೇರೂರಿ ಬಳಕೆಯನ್ನೇ ಹಿಗ್ಗಿಸುತ್ತದೆ ಎಂದು ಫಿನ್ಲೆಂಡಿನ ಆಂಟಿ ಓಲಸ್ವಿರ್ತಾ ಮತ್ತು ಸಂಗಡಿಗರು 2012ರಲ್ಲೇ ತೋರಿಸಿದ್ದಾರೆ. ಬರುವ ಸಂದೇಶಗಳ ಚಿಹ್ನೆ ಸದಾ ಕಣ್ಣೆದುರಿಗಿದ್ದರೆ ಇಣುಕಲು ನೆಪ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದು ಕಷ್ಟ.

ಹಾಗಿದ್ದರೂ ಉಪಯೋಗವನ್ನು ಅಲ್ಲಗಳೆಯಲಾಗದು. ಕಿವಿ ಕೇಳದವರಿಗೆ, ಫೋನನ್ನು ಸೈಲೆಂಟಿನಲ್ಲಿಟ್ಟು ಕೆಲಸ ಮಾಡುವವರಿಗೆ, ಅಡುಗೆಮನೆಯಲ್ಲಿ ಒದ್ದೆ ಕೈಯವರಿಗೆ ಮುಟ್ಟದೆ ಕಾಣುವ ಮಾಹಿತಿ ನಿಜಕ್ಕೂ ಬೇಕು. ಹಿಂದೆ ಫೋನಿನ ಅಂಚಿನಲ್ಲಿ ಮಿನುಗುತ್ತಿದ್ದ ಪುಟ್ಟ ಎಲ್‌ಇಡಿ ಈ ಕೆಲಸದ ಒಂದು ಭಾಗವನ್ನು ಮಾಡುತ್ತಿತ್ತು. ಅಂಚು ಸಣ್ಣದಾಗುತ್ತ ಹೋದಂತೆ ಅದಕ್ಕೆ ಜಾಗವಿಲ್ಲದಾಯಿತು. ಈ ಎಲ್ಲರಿಗೂ ಬೇಕಾದದ್ದು ಗಂಟೆ, ಎರಡು-ಮೂರು ಚಿಹ್ನೆ; ವಾಲ್‌ಪೇಪರ್ ಅವರ ಉಪಯೋಗಕ್ಕೆ ಏನನ್ನೂ ಸೇರಿಸುವುದಿಲ್ಲ. ನಮ್ಮಲ್ಲಿ ಮಧ್ಯಮ ಬೆಲೆಯ ಹಲವು ಫೋನುಗಳಲ್ಲಿ ಈ ಗಡಿಯಾರ ಮುಟ್ಟಿದ ಮೇಲೆ ಹತ್ತು ಸೆಕೆಂಡು ಮಾತ್ರ ಕಾಣುತ್ತದೆ, ‘ಆಲ್ವೇಸ್’ ಎಂದು ಹೇಳಿ ಮೋಸ ಮಾಡಿದರು ಎಂದು ಕೊಂಡವರು ಬೈಯುತ್ತಾರೆ. ಹೆಸರಿನ ಬಗ್ಗೆ ಅವರ ದೂರು ನ್ಯಾಯವಾದದ್ದು. ಆದರೆ ಸೆಕೆಂಡಿಗೆ ಒಂದು ಸಲಕ್ಕೆ ಇಳಿಯಲಾರದ ಅಗ್ಗದ ಪರದೆಗೆ ಆ ಹತ್ತು ಸೆಕೆಂಡಿನ ಮಿತಿ ಸರಿಯಾಗಿಯೇ ಇದೆ. ಅದಕ್ಕೆ ಸೇರಬೇಕಾದದ್ದು ಇನ್ನೊಂದೇ: ಮುಟ್ಟುವವರೆಗೆ ಕಾಯದೆ, ಸಂದೇಶ ಬಂದಾಗಲೂ ಫೋನನ್ನು ಎತ್ತಿದಾಗಲೂ ಗಡಿಯಾರ ತಾನಾಗಿ ಮೂಡುವ, ಮೋಟೋ ಎಕ್ಸ್ 2013ರಲ್ಲೇ ಮಾಡಿ ತೋರಿಸಿದ ವ್ಯವಸ್ಥೆ.